ಕಟ್ಟಡ ರೆಡಿ, ಮೆಷಿನ್ ಬರಲೇ ಇಲ್ಲ

ಚಾರ್ಲ್ಸ್ ಬ್ಯಾಬೇಜ್ ಹೆಸರು ನಮಗೆಲ್ಲ ಗೊತ್ತು. ಕಂಪ್ಯೂಟರ್ ಪಿತಾಮಹ, ಎರಡು ಮಾರ್ಕ್ಸ್, ಮುಂದಿನ ಪ್ರಶ್ನೆ. ಆದರೆ ಆತನ ಮೊದಲ ಯಂತ್ರ ಯಾಕೆ ಪೂರ್ತಿಯಾಗಲಿಲ್ಲ ಅನ್ನೋ ಕಥೆಯಲ್ಲಿ ಗಣಿತಕ್ಕಿಂತ ಜಾಗದ ತಕರಾರೇ ಜಾಸ್ತಿ.

ಹುಟ್ಟಿದ್ದು 1791ರಲ್ಲಿ, ಲಂಡನ್‌ನಲ್ಲಿ. ಅಪ್ಪ ಬ್ಯಾಂಕರ್, ಓದು ಕೇಂಬ್ರಿಡ್ಜ್‌ನಲ್ಲಿ. 1821ರಲ್ಲಿ ಗೆಳೆಯ ಜಾನ್ ಹರ್ಷೆಲ್ ಜೊತೆ ಕೂತು ಖಗೋಳ ಕೋಷ್ಟಕಗಳನ್ನು ತಾಳೆ ನೋಡುವಾಗ ತಪ್ಪಿನ ಮೇಲೆ ತಪ್ಪು ಸಿಕ್ಕವು. ಹಡಗು ನಡೆಸುವವರು ಇಂಥ ಕೋಷ್ಟಕಗಳನ್ನೇ ನಂಬಿಕೊಂಡಿದ್ದ ಕಾಲ ಅದು. ಲೆಕ್ಕ ಹಾಕೋದು, ಅಚ್ಚಿಗೆ ಜೋಡಿಸೋದು ಎರಡನ್ನೂ ಮನುಷ್ಯನ ಕೈಯಿಂದ ತಪ್ಪಿಸಬೇಕು ಅಂತ ಬ್ಯಾಬೇಜ್ ಹೊರಟ. ಹಿಡಿಕೆ ತಿರುಗಿಸಿದರೆ ಉತ್ತರ ತಾನಾಗಿ ಬರಬೇಕು. ಅದೇ ಡಿಫರೆನ್ಸ್ ಎಂಜಿನ್: ಸುಮಾರು 25,000 ಬಿಡಿಭಾಗ, 8 ಅಡಿ ಎತ್ತರ, ಹಲವು ಟನ್ ತೂಕ.

1823ರಲ್ಲಿ ಸರ್ಕಾರ ಮೊದಲ ಕಂತಾಗಿ 1,500 ಪೌಂಡ್ ಕೊಟ್ಟಿತು. ಕೆಲಸ ಜೋಸೆಫ್ ಕ್ಲೆಮೆಂಟ್ ಎಂಬ ನಿಪುಣ ಮೆಕ್ಯಾನಿಕ್ ಕೈಗೆ ಹೋಯಿತು. ಅವನ ವರ್ಕ್‌ಶಾಪ್ ಇದ್ದದ್ದು ಥೇಮ್ಸ್ ನದಿಯ ದಕ್ಷಿಣಕ್ಕೆ, ಅವನ ಮನೆಯಲ್ಲೇ. 1827ರಲ್ಲಿ ಬ್ಯಾಬೇಜ್‌ನ ಅಪ್ಪ, ಹೆಂಡತಿ, ಇಬ್ಬರು ಮಕ್ಕಳು ಒಂದೇ ವರ್ಷದಲ್ಲಿ ತೀರಿಕೊಂಡರು. ಯುರೋಪ್ ಸುತ್ತಿ ಬಂದ ಮೇಲೆ ಆತ ನೆಲೆಸಿದ್ದು ನದಿಯ ಉತ್ತರಕ್ಕೆ, ಡಾರ್ಸೆಟ್ ಸ್ಟ್ರೀಟ್‌ನಲ್ಲಿ. ಒಂದು ಗೇರ್ ನೋಡಬೇಕು ಅಂದ್ರೂ ಸುಮಾರು 4 ಮೈಲಿ ಹೋಗಬೇಕು.

ಸರಿ, ಮೆಷಿನ್‌ಗೆ ಅಂತಲೇ ಬೇರೆ ಕಟ್ಟಡ ಕಟ್ಟೋಣ ಅಂತ ತೀರ್ಮಾನವಾಯಿತು. ಬ್ಯಾಬೇಜ್ ಮನೆಗೆ ತಾಗಿದಂತೆ, ಸರ್ಕಾರಿ ದುಡ್ಡಿನಲ್ಲಿ. ಬೆಂಕಿ ತಗುಲಬಾರದು, ಯಾಕಂದ್ರೆ ವರ್ಷಗಟ್ಟಲೆ ಕೂತು ಬರೆದ ಡ್ರಾಯಿಂಗ್‌ಗಳು ಸುಟ್ಟರೆ ಎಲ್ಲ ಮೊದಲಿಂದ. ಧೂಳು ನುಗ್ಗಬಾರದು, ಅಷ್ಟೊಂದು ಗೇರ್‌ಗಳು ಸಲೀಸಾಗಿ ತಿರುಗಬೇಕಲ್ಲ. ಯೋಚನೆಯಲ್ಲಿ ತಪ್ಪು ಹುಡುಕೋದು ಕಷ್ಟ.

ಆದರೆ ಮೆಷಿನ್‌ಗೆ ಜಾಗ ಆಯಿತು, ಅದನ್ನು ಮಾಡುವವನ ಕಥೆ? ಕ್ಲೆಮೆಂಟ್‌ಗೆ ಬೇರೆ ಗಿರಾಕಿಗಳೂ ಇದ್ದರು. ಅರ್ಧ ಲೇತ್ ಇಲ್ಲಿ, ಅರ್ಧ ಅಲ್ಲಿ ಇಟ್ಟುಕೊಂಡು ಎರಡು ಕಡೆ ಅಂಗಡಿ ನಡೆಸೋಕೆ ಅವನು ವರ್ಷಕ್ಕಿಷ್ಟು ಅಂತ ಪರಿಹಾರ ಕೇಳಿದ. ಖಜಾನೆ ಒಪ್ಪಲಿಲ್ಲ. ಅವನನ್ನು ದುರಾಸೆಯವನು ಅಂತ ಬೈಯುವವರಿದ್ದಾರೆ, ನನಗೆ ಹಾಗನಿಸಲ್ಲ. 1833ರಲ್ಲಿ ಕ್ಲೆಮೆಂಟ್ ಕೆಲಸಗಾರರನ್ನು ಮನೆಗೆ ಕಳಿಸಿ ಕೆಲಸ ನಿಲ್ಲಿಸಿಬಿಟ್ಟ. ಆಗಿನ ಪದ್ಧತಿ ಪ್ರಕಾರ ಉಪಕರಣಗಳು ಕುಶಲಕರ್ಮಿಯ ಸ್ವತ್ತು, ಅವೆಲ್ಲ ಅವನ ಹತ್ತಿರವೇ ಉಳಿದವು. 1834ರಲ್ಲಿ ಹೊಸ ಕಟ್ಟಡಕ್ಕೆ ಬಂದು ಸೇರಿದ್ದು ಡ್ರಾಯಿಂಗ್ ಮತ್ತು ಬಿಡಿಭಾಗಗಳು ಮಾತ್ರ. 1832ರ ಕೊನೆಗೆ ಜೋಡಿಸಿದ್ದ ಒಂದು ಸಣ್ಣ ತುಂಡು ಮಾತ್ರ ಚೆನ್ನಾಗಿ ಲೆಕ್ಕ ಹಾಕುತ್ತಿತ್ತು. 17,000 ಪೌಂಡ್‌ಗೂ ಹೆಚ್ಚು ಸುರಿದ ಮೇಲೆ, 1842ರಲ್ಲಿ ಸರ್ಕಾರ ಕೈತೊಳೆದುಕೊಂಡಿತು.

ಬ್ಯಾಬೇಜ್ ಸುಮ್ಮನೆ ಕೂರಲಿಲ್ಲ. ಅನಾಲಿಟಿಕಲ್ ಎಂಜಿನ್ ಯೋಚಿಸಿದ, 1840ರ ದಶಕದ ಕೊನೆಗೆ ಡಿಫರೆನ್ಸ್ ಎಂಜಿನ್ ನಂಬರ್ 2ರ ನಕ್ಷೆ ಬರೆದ. ಎರಡೂ ಕಾಗದದಲ್ಲೇ ಉಳಿದವು. 1862ರ ಲಂಡನ್ ಪ್ರದರ್ಶನದಲ್ಲಿ ಹಳೆಯ ತುಂಡಿಗೆ ಸಿಕ್ಕಿದ್ದೂ ಒಂದು ಇಕ್ಕಟ್ಟಿನ ಮೂಲೆ, ಆ ಸಿಟ್ಟು ಆತನಿಗೆ ಹೋಗಲೇ ಇಲ್ಲ. 1871ರಲ್ಲಿ ತೀರಿಕೊಂಡ.

ನಂಬರ್ 2ರ ನಕ್ಷೆ ಹಿಡಿದು ಲಂಡನ್ನಿನ ಸೈನ್ಸ್ ಮ್ಯೂಸಿಯಂನವರು ಯಂತ್ರವನ್ನು ಕಟ್ಟಿಯೇಬಿಟ್ಟರು. ಲೆಕ್ಕದ ಭಾಗ 1991ರಲ್ಲಿ ಮುಗಿಯಿತು, ಪ್ರಿಂಟರ್ 2002ರಲ್ಲಿ. ಈಗಲೂ ಹಿಡಿಕೆ ತಿರುಗಿಸಿದರೆ ಓಡುತ್ತೆ.