ಪಿ. ಲಂಕೇಶ್: ಓದುಗರ ಕಾಸನ್ನೇ ನಂಬಿದ ಸಂಪಾದಕ

ಜಾಹೀರಾತಿನ ಹಂಗಿಲ್ಲದೆ, ಓದುಗರು ಕೊಟ್ಟ ಕಾಸಿನಿಂದಲೇ ವಾರಪತ್ರಿಕೆಯೊಂದನ್ನು ಸುಮಾರು ಇಪ್ಪತ್ತು ವರ್ಷ ನಡೆಸಿದವರು ಪಿ. ಲಂಕೇಶ್. ಅಧ್ಯಾಪಕ, ಕವಿ, ಕಥೆಗಾರ, ನಾಟಕಕಾರ, ಚಿತ್ರ ನಿರ್ದೇಶಕರಾಗಿ ಹೆಸರು ಮಾಡಿದ ಬಳಿಕ ಅವರು ನೆಲೆನಿಂತದ್ದು ಸಂಪಾದಕನ ಕುರ್ಚಿಯಲ್ಲಿ.

ಲಂಕೇಶ್ ಜನಿಸಿದ್ದು 1935ರ ಮಾರ್ಚ್ 8ರಂದು, ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ ಉಪನ್ಯಾಸಕರಾದರು. ಪಾಠದ ಜೊತೆಗೇ 'ಬಿರುಕು' ಕಾದಂಬರಿ, 'ಸಂಕ್ರಾಂತಿ' ನಾಟಕಗಳ ಮೂಲಕ ನವ್ಯ ಸಾಹಿತ್ಯದ ಮುಂಚೂಣಿಗೆ ಬಂದರು. ಆಪ್ತರ ಪಾಲಿಗೆ ಅವರು ಕೊನೆಯವರೆಗೂ ಮೇಷ್ಟ್ರೇ ಆಗಿದ್ದರು.

1970ರಲ್ಲಿ ತೆರೆಕಂಡ 'ಸಂಸ್ಕಾರ' ಚಿತ್ರದಲ್ಲಿ ಅವರು ನಾರಣಪ್ಪನ ಪಾತ್ರ ವಹಿಸಿದರು. 1976ರ 'ಪಲ್ಲವಿ' ಅವರಿಗೆ ಅತ್ಯುತ್ತಮ ನಿರ್ದೇಶಕ ರಾಷ್ಟ್ರಪ್ರಶಸ್ತಿ ತಂದಿತು. 'ಅನುರೂಪ', 'ಎಲ್ಲಿಂದಲೋ ಬಂದವರು' ಅವರ ಇನ್ನಿತರ ಚಿತ್ರಗಳು.

1980ರ ಜುಲೈನಲ್ಲಿ 'ಲಂಕೇಶ್ ಪತ್ರಿಕೆ' ಹೊರಬಂದಿತು. ನರಗುಂದ, ನವಲಗುಂದಗಳಲ್ಲಿ ರೈತರ ಮೇಲೆ ಗೋಲಿಬಾರ್ ನಡೆದದ್ದೂ ಅದೇ ತಿಂಗಳು. ಗುಂಡೂರಾವ್ ಸರ್ಕಾರದ ದರ್ಪ, ಅವ್ಯವಹಾರಗಳನ್ನು ಪತ್ರಿಕೆ ವಾರವಾರವೂ ಬಯಲಿಗೆಳೆಯಿತು. 1983ರಲ್ಲಿ ರಾಮಕೃಷ್ಣ ಹೆಗಡೆ ನೇತೃತ್ವದಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಅಧಿಕಾರಕ್ಕೆ ಬಂದಾಗಲೂ ಲಂಕೇಶರ ಲೇಖನಿ ಮೊಂಡಾಗಲಿಲ್ಲ. ಜಾಹೀರಾತು ಪಡೆಯದ ಪತ್ರಿಕೆಗೆ ಯಾವ ಸರ್ಕಾರದ ಮುಲಾಜೂ ಇರಲಿಲ್ಲ.

ಈ ಸ್ವಾತಂತ್ರ್ಯ ಪುಕ್ಕಟೆಯಾಗಿ ದಕ್ಕಿದ್ದಲ್ಲ. ಮಾನನಷ್ಟ ಮೊಕದ್ದಮೆಗಳಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಹರಿತ ಭಾಷೆ, ಲೇವಡಿ ಗೆಳೆಯರನ್ನೂ ಬಿಡಲಿಲ್ಲ, ಹಲವರು ದೂರವಾದರು. ವ್ಯಕ್ತಿನಿಂದನೆಯ ಆರೋಪವೂ ಪತ್ರಿಕೆಯ ಬೆನ್ನುಬಿಡಲಿಲ್ಲ.

ಇಷ್ಟಾದರೂ ಅವರ ಪತ್ರಿಕೆ ಕೇವಲ ಹಗರಣಗಳ ವರದಿಯಾಗಿ ಉಳಿಯಲಿಲ್ಲ. ಹೊಸ ಬರಹಗಾರರನ್ನು, ಅದರಲ್ಲೂ ಮಹಿಳೆಯರು, ದಲಿತರು, ಮುಸ್ಲಿಮರನ್ನು ಲಂಕೇಶ್ ಬರವಣಿಗೆಗೆ ಹುರಿದುಂಬಿಸಿದರು. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಧಾರಾವಾಹಿಯಾಗಿ ಪ್ರಕಟವಾದದ್ದು ಇಲ್ಲಿಯೇ. ಈ ಪತ್ರಿಕೆಯ ವರದಿಗಾರ್ತಿಯಾಗಿದ್ದ ಬಾನು ಮುಷ್ತಾಕ್ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಗೆ ಪಾತ್ರರಾದರು. ವಾರದ ಗಡಿಬಿಡಿಯ ನಡುವೆಯೂ ಲಂಕೇಶರ ಸ್ವಂತ ಬರವಣಿಗೆ ನಿಲ್ಲಲಿಲ್ಲ. 'ಕಲ್ಲು ಕರಗುವ ಸಮಯ' ಕಥಾಸಂಕಲನಕ್ಕೆ 1993ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. 'ಹುಳಿಮಾವಿನ ಮರ' ಅವರ ಆತ್ಮಕಥೆ.

2000ದ ಜನವರಿ 25ರಂದು ಬೆಂಗಳೂರಿನಲ್ಲಿ ಅವರು ಕೊನೆಯುಸಿರೆಳೆದರು. ಆಗ ಅವರಿಗೆ 64 ವರ್ಷ. ತಂದೆಯ ಬಳಿಕ ಸಂಪಾದಕಿಯಾದ ಮಗಳು ಗೌರಿ ಲಂಕೇಶ್ 2005ರಲ್ಲಿ ತಮ್ಮದೇ ಪತ್ರಿಕೆ ಆರಂಭಿಸಿ, ಜಾಹೀರಾತಿಲ್ಲದ ಹಾದಿಯನ್ನೇ ಮುಂದುವರಿಸಿದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ಮನೆಯೆದುರು ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಲಂಕೇಶ್ ಕಟ್ಟಿದ ಪತ್ರಿಕೋದ್ಯಮ ಎಷ್ಟು ದುಬಾರಿಯಾಗಬಲ್ಲದು ಎಂಬುದು ನಾಡಿಗೆ ಅಂದು ಅರಿವಾಯಿತು.