ರಹೀಂ ಸಾಹೇಬರು ಕೇಳಿಸಿಕೊಂಡದ್ದು

ತರಬೇತುದಾರ ಎಂದೊಡನೆ ನಮ್ಮ ಕಣ್ಮುಂದೆ ಬರುವುದು ಕೊರಳಿಗೆ ಸೀಟಿ ಕಟ್ಟಿಕೊಂಡು, ಮೈದಾನದ ಅಂಚಿನಲ್ಲಿ ನಿಂತು ಕೂಗಾಡುವ ವ್ಯಕ್ತಿ. ಹೇಳುವವನು ಗುರು, ಕೇಳುವವನು ಶಿಷ್ಯ ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ಭಾರತದ ಫುಟ್‌ಬಾಲ್ ಕಂಡ ಅತ್ಯಂತ ಯಶಸ್ವಿ ತರಬೇತುದಾರ ಸೈಯದ್ ಅಬ್ದುಲ್ ರಹೀಂ ಅವರ ಬದುಕನ್ನು ಗಮನಿಸಿದರೆ, ಈ ತಿಳಿವಳಿಕೆ ಅರ್ಧ ಸತ್ಯ ಮಾತ್ರ ಎಂಬುದು ಮನದಟ್ಟಾಗುತ್ತದೆ. 2024ರಲ್ಲಿ ತೆರೆಕಂಡ ‘ಮೈದಾನ್’ ಚಲನಚಿತ್ರ ಅವರ ಹೆಸರನ್ನು ಹೊಸ ತಲೆಮಾರಿಗೆ ಪರಿಚಯಿಸಿತು. ಆದರೆ ಅವರ ಸಾಧನೆಯ ಒಳಗುಟ್ಟು ಪಂದ್ಯಗಳ ರೋಚಕತೆಗಿಂತ ಆಳದಲ್ಲಿದೆ.

1909ರಲ್ಲಿ ಹೈದರಾಬಾದಿನಲ್ಲಿ ಜನಿಸಿದ ರಹೀಂ, ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು. ವೃತ್ತಿಯಿಂದ ಶಾಲಾ ಶಿಕ್ಷಕರು. ಸ್ವತಃ ಆಟಗಾರರಾಗಿದ್ದರೂ ಆಟಗಾರರೆಂದು ದೊಡ್ಡ ಹೆಸರು ಮಾಡಿದವರಲ್ಲ. 1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. 1950ರಿಂದ ಹೈದರಾಬಾದ್ ನಗರ ಪೊಲೀಸ್ ತಂಡದ ತರಬೇತಿಯ ಹೊಣೆ ಹೊತ್ತರು. ಆ ತಂಡ 1950ರಿಂದ 1954ರವರೆಗೆ ಸತತ ಐದು ಬಾರಿ ಮುಂಬೈಯ ರೋವರ್ಸ್ ಕಪ್ ಗೆದ್ದುಕೊಂಡಿತು. ಕಲ್ಕತ್ತೆಯ ಹೆಸರಾಂತ ಕ್ಲಬ್ಬುಗಳ ಹಣ, ಜನಬೆಂಬಲಗಳ ಎದುರು ಪೊಲೀಸ್ ಪೇದೆಗಳ ತಂಡವೊಂದು ಹೀಗೆ ತಲೆಯೆತ್ತಿ ನಿಂತದ್ದು ಸಾಮಾನ್ಯ ಸಂಗತಿಯಲ್ಲ.

ಶಿಕ್ಷಕ ವೃತ್ತಿ ಅವರಿಗೆ ಕಲಿಸಿದ ಪಾಠ ಬಹುಶಃ ಇದೇ ಇರಬೇಕು: ಕಲಿಯುವವನ ಕೊರತೆ ಯಾವುದೆಂದು ತಿಳಿಯದೆ ಕಲಿಸಲು ಹೊರಡಬಾರದು. ಹೈದರಾಬಾದಿನಲ್ಲಿ ಅವರು ಏರ್ಪಡಿಸಿದ ಪಂದ್ಯಾವಳಿಗಳು ಇದಕ್ಕೆ ಸಾಕ್ಷಿ. ಒಂದು ಪಂದ್ಯಾವಳಿಯಲ್ಲಿ ಚೆಂಡನ್ನು ಕಾಲಲ್ಲೇ ಉಳಿಸಿಕೊಂಡು ನುಸುಳುವುದು ನಿಷಿದ್ಧ. ಬಂದ ಚೆಂಡನ್ನು ಜೊತೆಗಾರನಿಗೆ ದಾಟಿಸಲೇಬೇಕು. ಇನ್ನೊಂದರಲ್ಲಿ ಆಟಗಾರ ತನ್ನ ದುರ್ಬಲ ಕಾಲಿನಿಂದಲೇ ಆಡಬೇಕು. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇದರಲ್ಲಿ ಒಂದು ಸರಳ ತತ್ತ್ವ ಕಾಣುತ್ತದೆ. ಹೇರಳವಾಗಿರುವ ಸಂಪನ್ಮೂಲವನ್ನು ಇನ್ನಷ್ಟು ಬೆಳೆಸುವುದಕ್ಕಿಂತ, ಬಳಕೆಯಾಗದೆ ಉಳಿದದ್ದನ್ನು ದುಡಿಮೆಗೆ ಹಚ್ಚುವುದರಲ್ಲಿ ಲಾಭ ಹೆಚ್ಚು. ಆದರೆ ಯಾವುದು ಬಳಕೆಯಾಗದೆ ಉಳಿದಿದೆ ಎಂದು ತಿಳಿಯಬೇಕಾದರೆ ತರಬೇತುದಾರ ಮೊದಲು ಸುಮ್ಮನೆ ನಿಂತು ನೋಡಬೇಕು, ಕೇಳಬೇಕು.

ಸಿಕಂದರಾಬಾದಿನ ಬಡ ಕುಟುಂಬದ ಹುಡುಗ ತುಳಸೀದಾಸ್ ಬಲರಾಮ್ ಅವರನ್ನು ಗುರುತಿಸಿದವರು ರಹೀಂ. ಪ್ರತಿಭೆಗೆ ಕೊರತೆಯಿರಲಿಲ್ಲ, ಅಭ್ಯಾಸಕ್ಕೆ ಹೈದರಾಬಾದಿಗೆ ಬಂದುಹೋಗಲು ಕೈಯಲ್ಲಿ ಕಾಸಿರಲಿಲ್ಲ. ಆ ಓಡಾಟದ ಖರ್ಚನ್ನು ರಹೀಂ ತಾವೇ ಭರಿಸಿದರೆಂಬುದನ್ನು ಬಲರಾಮ್ ಮುಂದೆ ಕೃತಜ್ಞತೆಯಿಂದ ನೆನೆಯುತ್ತಿದ್ದರು. ಹುಡುಗನೊಬ್ಬ ಅಭ್ಯಾಸಕ್ಕೆ ಬಾರದಿದ್ದರೆ ಅದನ್ನು ಅಶಿಸ್ತೆಂದು ಬರೆದುಕೊಳ್ಳುವುದು ಸುಲಭ. ಏಕೆ ಬರಲಿಲ್ಲವೆಂದು ಕೇಳಿ, ಉತ್ತರಕ್ಕಾಗಿ ಕಾಯುವುದು ಕಷ್ಟ. ಆ ಕಷ್ಟವನ್ನು ಒಬ್ಬರು ತೆಗೆದುಕೊಂಡದ್ದರಿಂದ ದೇಶಕ್ಕೆ ಒಬ್ಬ ಶ್ರೇಷ್ಠ ಮುನ್ಪಡೆ ಆಟಗಾರ ದೊರೆತ.

ರಾಷ್ಟ್ರೀಯ ತಂಡದೊಂದಿಗೆ ರಹೀಂ ಅವರ ಪಯಣ ಗೆಲುವಿನಿಂದಲೇ ಆರಂಭವಾಯಿತು. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಭಾರತ ಇರಾನನ್ನು 1–0ಯಿಂದ ಸೋಲಿಸಿ ಚಿನ್ನ ಗೆದ್ದಿತು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು 1–10ರ ಹೀನಾಯ ಸೋಲು. ಅಂದು ಭಾರತದ ಹಲವು ಆಟಗಾರರು ಬರಿಗಾಲಿನಲ್ಲಿದ್ದರು. ನಮ್ಮ ಪರ ದಾಖಲಾದ ಏಕೈಕ ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು ಎಂಬುದನ್ನು ಕನ್ನಡಿಗರು ನೆನಪಿಡಬೇಕು. ಆ ಸೋಲಿನ ನಂತರ ಬೂಟು ಕಡ್ಡಾಯವಾಯಿತು.

ಸೋತಾಗ ನೆಪ ಹುಡುಕುವವರು ಬಹಳ. ಸೋಲು ಹೇಳುವುದನ್ನು ಕೇಳಿಸಿಕೊಳ್ಳುವವರು ವಿರಳ. ರಹೀಂ ಎರಡನೆಯ ಗುಂಪಿಗೆ ಸೇರಿದವರು. ಯುರೋಪಿನ ತಂಡಗಳ, ಮುಖ್ಯವಾಗಿ ಹಂಗೆರಿಯ ಆಟವನ್ನು ಅಭ್ಯಸಿಸಿ ಭಾರತದ ವ್ಯೂಹವನ್ನೇ ಬದಲಿಸಿದರು. 1958ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ಜಗತ್ಪ್ರಸಿದ್ಧಗೊಳಿಸಿದ 4–2–4 ಪದ್ಧತಿಯನ್ನು ನಮ್ಮಲ್ಲಿ ರೂಢಿಗೆ ತಂದವರು ಅವರೇ. ಹೆಲ್ಸಿಂಕಿಯಾಗಿ ನಾಲ್ಕೇ ವರ್ಷಕ್ಕೆ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆತಿಥೇಯ ಆಸ್ಟ್ರೇಲಿಯಾವನ್ನು 4–2ರಿಂದ ಮಣಿಸಿತು. ನೆವಿಲ್ ಡಿಸೋಜಾ ಹ್ಯಾಟ್ರಿಕ್ ಗಳಿಸಿದರು. ಭಾರತ ಅಂತಿಮವಾಗಿ ನಾಲ್ಕನೆಯ ಸ್ಥಾನ ಪಡೆಯಿತು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ನಮ್ಮ ಅತ್ಯುತ್ತಮ ಸಾಧನೆ ಇಂದಿಗೂ ಅದೇ.

ಅವರ ಕಸುಬಿನ ಪರಾಕಾಷ್ಠೆ ಕಂಡದ್ದು 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ. ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯಾ ಎದುರು 0–2ರ ಸೋಲು. ಇಸ್ರೇಲ್ ಮತ್ತು ತೈವಾನ್ ತಂಡಗಳನ್ನು ಹೊರಗಿಟ್ಟದ್ದನ್ನು ಭಾರತದ ಕ್ರೀಡಾಧಿಕಾರಿ ಜಿ.ಡಿ. ಸೋಂಧಿ ಆಕ್ಷೇಪಿಸಿದ್ದರಿಂದ ಸ್ಥಳೀಯ ಪ್ರೇಕ್ಷಕರು ಭಾರತದ ವಿರುದ್ಧ ಕೆರಳಿದ್ದರು. ರಕ್ಷಣೆಯ ಆಧಾರಸ್ತಂಭ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಲಾಗಿತ್ತು. ಗೋಲ್‌ಕೀಪರ್ ಪೀಟರ್ ತಂಗರಾಜ್ ಜ್ವರದಿಂದ ಮಲಗಿದ್ದರು.

ಇಂಥ ಸನ್ನಿವೇಶದಲ್ಲಿ ರಹೀಂ ಕೈಗೊಂಡ ನಿರ್ಧಾರ ಫುಟ್‌ಬಾಲ್ ಬಲ್ಲವರನ್ನು ಇಂದಿಗೂ ಬೆರಗುಗೊಳಿಸುತ್ತದೆ. ಗಾಯಾಳು ಜರ್ನೈಲ್ ಅವರನ್ನು ಹಿಂದಿನ ಸಾಲಿನಿಂದ ತೆಗೆದು ಸೆಂಟರ್ ಫಾರ್ವರ್ಡ್ ಸ್ಥಾನಕ್ಕೆ ಹಾಕಿದರು. ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ಎದುರು 3–2ರ ಜಯ. ಜರ್ನೈಲ್ ಒಂದು ಗೋಲು ಹೊಡೆದರು. ಸೆಪ್ಟೆಂಬರ್ 4ರ ಫೈನಲ್‌ಗೆ ತಂಗರಾಜ್ ಮರಳಿದರು. ಅದೇ ದಕ್ಷಿಣ ಕೊರಿಯಾ ಎದುರು ಪಿ.ಕೆ. ಬ್ಯಾನರ್ಜಿ ಮೊದಲ ಗೋಲು, ಜರ್ನೈಲ್ ಎರಡನೆಯ ಗೋಲು ಗಳಿಸಿದರು. ಭಾರತ 2–1ರಿಂದ ಚಿನ್ನ ಗೆದ್ದಿತು. ಪಂದ್ಯಕ್ಕೆ ಮುನ್ನ ಆಟಗಾರರ ಮನಸ್ಸನ್ನು ತಟ್ಟುವಂತೆ ಮಾತನಾಡುವುದರಲ್ಲಿ ರಹೀಂ ಹೆಸರಾದವರು. ಆದರೆ ಮಾತು ತಟ್ಟಬೇಕಾದರೆ ಎದುರಿಗಿರುವವರ ಮನಸ್ಸು ಎಲ್ಲಿದೆ ಎಂದು ಗೊತ್ತಿರಬೇಕು. ತಲೆಗೆ ಹೊಲಿಗೆ ಬಿದ್ದ ಆಟಗಾರನಲ್ಲಿ ಎಷ್ಟು ಕಸುವು, ಎಷ್ಟು ಛಲ ಉಳಿದಿದೆ ಎಂಬ ಲೆಕ್ಕ ಯಾವ ಕೈಪಿಡಿಯಲ್ಲೂ ಸಿಗುವುದಿಲ್ಲ.

ಈ ಗೆಲುವಿಗೆ ಒಂದು ವರ್ಷ ತುಂಬುವ ಮೊದಲೇ, 1963ರ ಜೂನ್ 11ರಂದು ರಹೀಂ ಕ್ಯಾನ್ಸರ್‌ಗೆ ಬಲಿಯಾದರು. ಆಗ ಅವರಿಗೆ ಇನ್ನೂ 54 ತುಂಬಿರಲಿಲ್ಲ. ಶ್ರೇಷ್ಠ ತರಬೇತುದಾರರಿಗಾಗಿ ದ್ರೋಣಾಚಾರ್ಯ ಪ್ರಶಸ್ತಿ ಸ್ಥಾಪನೆಯಾದದ್ದು 1985ರಲ್ಲಿ. ಅವರ ಪುತ್ರ, 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದ ಎಸ್.ಎಸ್. ಹಕೀಂ, 2021ರಲ್ಲಿ ನಮ್ಮ ಕಲಬುರಗಿಯಲ್ಲಿ ಕೊನೆಯುಸಿರೆಳೆದರು.

ರಹೀಂ ಗತಿಸಿದ ಬಳಿಕ 1970ರ ಏಷ್ಯನ್ ಕೂಟದ ಕಂಚೊಂದನ್ನು ಬಿಟ್ಟರೆ ಆ ಕೂಟದ ಫುಟ್‌ಬಾಲ್‌ನಲ್ಲಿ ಭಾರತಕ್ಕೆ ಪದಕ ದಕ್ಕಿಲ್ಲ. 1960ರ ನಂತರ ಒಲಿಂಪಿಕ್ಸ್‌ಗೆ ಅರ್ಹತೆಯೂ ದೊರೆತಿಲ್ಲ. ಇದಕ್ಕೆ ಕಾರಣಗಳು ಹಲವು. ಒಬ್ಬ ವ್ಯಕ್ತಿಯ ಸಾವಿನ ಮೇಲೆ ಎಲ್ಲವನ್ನೂ ಹೊರಿಸುವುದು ನ್ಯಾಯವಲ್ಲ. ಆದರೂ ಒಬ್ಬರ ಜೊತೆಗೇ ಹೊರಟುಹೋಗುವಂಥ ಜ್ಞಾನವನ್ನು ಸಂಸ್ಥೆಯ ಆಸ್ತಿಯಾಗಿ ಉಳಿಸಿಕೊಳ್ಳದಿದ್ದುದು ನಮ್ಮ ಲೋಪವೇ ಸರಿ.

ಮೂರು ದಶಕಗಳ ಸರ್ಕಾರಿ ಸೇವೆಯಲ್ಲಿ ನಾನು ಅಧ್ಯಕ್ಷತೆ ವಹಿಸಿದ ಸಭೆಗಳಿಗೆ ಲೆಕ್ಕವಿಲ್ಲ. ಆ ಸಭೆಗಳಲ್ಲಿ ಅತಿ ಹೆಚ್ಚು ಮಾತನಾಡಿದವನು ನಾನೇ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಕಿರಿಯ ನೌಕರರಿಗೆ ವಾಸ್ತವ ಗೊತ್ತಿರುತ್ತಿತ್ತು. ಅವರನ್ನು ಯಾರೂ ಕೇಳುತ್ತಿರಲಿಲ್ಲ, ಅವರು ಹೇಳುತ್ತಲೂ ಇರಲಿಲ್ಲ. ನಿವೃತ್ತಿಯ ನಂತರ ರಹೀಂ ಅವರ ಬದುಕನ್ನು ಓದುವಾಗ ಆ ಹಿಂದಿನ ಸಾಲಿನ ಮುಖಗಳು ನನಗೆ ನೆನಪಾಗುತ್ತವೆ. ಅವರಲ್ಲಿಯೂ ಮುಂದಿನ ಸಾಲಿಗೆ ತಂದು ನಿಲ್ಲಿಸಬಹುದಾಗಿದ್ದ ಜರ್ನೈಲ್ ಸಿಂಗ್ ಒಬ್ಬನಾದರೂ ಇದ್ದಿರಬೇಕು.