ಧ್ರುವಪ್ರಭೆಯ ಬೆನ್ನು ಹತ್ತಿದವನು

2024ರ ಮೇ ತಿಂಗಳಿನಲ್ಲಿ ಲಡಾಖಿನ ಹಾನ್ಲೆಯ ಇರುಳಾಗಸ ಕೆಂಪೇರಿತ್ತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕ್ಯಾಮೆರಾ ಸೆರೆಹಿಡಿದ ಆ ಚಿತ್ರವನ್ನು ಕಂಡಾಗ ನನಗೆ ನೆನಪಾದದ್ದು ಕ್ರಿಸ್ಟಿಯಾನ್ ಬಿರ್ಕೆಲಾಂಡ್. ಈ ಬೆಳಕಿಗಾಗಿ ಆರೋಗ್ಯ, ಹಣ, ನೆಮ್ಮದಿ ಎಲ್ಲವನ್ನೂ ತೆತ್ತ ನಾರ್ವೆಯ ಭೌತವಿಜ್ಞಾನಿ ಆತ.

1867ರಲ್ಲಿ ಇಂದಿನ ಓಸ್ಲೊದಲ್ಲಿ ಹುಟ್ಟಿದ ಬಿರ್ಕೆಲಾಂಡ್ ಪ್ರಯೋಗಾಲಯದಲ್ಲೇ ಉಳಿಯಬಹುದಿತ್ತು, ಉಳಿಯಲಿಲ್ಲ. ನಾರ್ವೆಯ ಉತ್ತರದ ಅಂಚಿನಲ್ಲಿರುವ ಆಲ್ಟಾ ಪ್ರದೇಶದಲ್ಲಿ ಚಳಿಗಾಲದ ಸುಮಾರು ಎರಡು ತಿಂಗಳು ಸೂರ್ಯ ದಿಗಂತದ ಮೇಲೇರುವುದೇ ಇಲ್ಲ. ಧ್ರುವಪ್ರಭೆ ಬೇಸಿಗೆಯಲ್ಲೂ ಉಂಟಾಗುತ್ತದೆ, ಆದರೆ ಮಧ್ಯರಾತ್ರಿಯ ಸೂರ್ಯನ ಎದುರು ಅದು ಕಾಣುವುದಿಲ್ಲ. ಆದ್ದರಿಂದ ಕಡುಚಳಿಯ ಕಾಲವನ್ನೇ ಆರಿಸಿಕೊಂಡು, ಸುಮಾರು 900 ಮೀಟರ್ ಎತ್ತರದ ಹಾಲ್ಡೆ ಬೆಟ್ಟದ ನೆತ್ತಿಯ ಮೇಲೆ 1899ರಲ್ಲಿ ಆತ ವೀಕ್ಷಣಾಲಯ ಕಟ್ಟಿಸಿದ. ಅದಕ್ಕೂ ಮುಂಚಿನ ಯಾತ್ರೆಯೊಂದರಲ್ಲಿ ಜತೆಗಿದ್ದ ವೈದ್ಯಕೀಯ ವಿದ್ಯಾರ್ಥಿ ಹೆಲಾಂಡ್ ಹಾನ್ಸೆನ್ ಹಿಮದ ಕೊರೆತಕ್ಕೆ ಬೆರಳುಗಳನ್ನು ಕಳೆದುಕೊಂಡಿದ್ದ. ಮುಂದೆ ಆತ ಹೆಸರಾಂತ ಸಮುದ್ರವಿಜ್ಞಾನಿಯಾದ. ಹಾಲ್ಡೆಯಲ್ಲಿ ಯುವ ಸಹಾಯಕನೊಬ್ಬ ಹಿಮಕುಸಿತಕ್ಕೆ ಸಿಲುಕಿ ಸತ್ತ. ಅಂಕಿಗಳ ಹಿಂದಿರುವ ಈ ಬೆಲೆಯನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ.

ಬಿರ್ಕೆಲಾಂಡನ ಊಹೆ ಸರಳವಾಗಿತ್ತು. ಸೂರ್ಯನಿಂದ ಹೊರಟ ವಿದ್ಯುದಾವಿಷ್ಟ ಕಣಗಳನ್ನು ಭೂಮಿಯ ಕಾಂತಕ್ಷೇತ್ರ ಧ್ರುವಗಳತ್ತ ತಿರುಗಿಸುತ್ತದೆ; ಕ್ಷೇತ್ರರೇಖೆಗಳ ಗುಂಟ ಹರಿಯುವ ವಿದ್ಯುತ್ ಪ್ರವಾಹ ಆ ಬೆಳಕಿಗೆ ಕಾರಣ. ನಿರ್ವಾತ ಪೆಟ್ಟಿಗೆಯೊಳಗೆ ಕಾಂತೀಯ ಗೋಲವೊಂದನ್ನಿಟ್ಟು ಕ್ಯಾಥೋಡ್ ಕಿರಣ ಹಾಯಿಸಿದಾಗ ಅದರ ಧ್ರುವಗಳ ಸುತ್ತ ಪ್ರಭೆಯ ಬಳೆಗಳು ಮೂಡಿದವು. ಅಂಥ ಪುಟ್ಟ ಭೂಮಿಯನ್ನು ಮೇಜಿನ ಮೇಲೆ ಬೆಳಗಿಸಿದ ಸಂತೋಷ ಎಷ್ಟಿದ್ದಿರಬೇಕು!

ಯಾತ್ರೆಗಳಿಗೆ ಹಣ ಬೇಕಿತ್ತು. 1903ರಲ್ಲಿ ಜನರೆದುರು ಪ್ರದರ್ಶಿಸಿದ ವಿದ್ಯುತ್ಕಾಂತೀಯ ಫಿರಂಗಿ ಶಾರ್ಟ್ ಸರ್ಕ್ಯೂಟ್ ಆಗಿ ಭಾರೀ ಕಿಡಿ ಎಬ್ಬಿಸಿತು. ಆ ಅವಮಾನದ ಕಿಡಿಯಿಂದಲೇ ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುವ ದಾರಿ ತೆರೆಯಿತು. ಉದ್ಯಮಿ ಸ್ಯಾಮ್ ಐಡೆಯೊಂದಿಗೆ ಸೇರಿ ಅದನ್ನು ಬೆಳೆಸಿದ. 1905ರಲ್ಲಿ ನಾರ್ಸ್ಕ್ ಹೈಡ್ರೊ ಹುಟ್ಟಿತು.

ವಿಜ್ಞಾನಲೋಕ ಮಾತ್ರ ಒಪ್ಪಲಿಲ್ಲ. ಬ್ರಿಟನ್ನಿನ ಪ್ರಭಾವಿ ವಿದ್ವಾಂಸರು ಆತನ ಪ್ರವಾಹಗಳನ್ನು ದಶಕಗಳ ಕಾಲ ತಳ್ಳಿಹಾಕಿದರು. ನೊಬೆಲ್‌ಗೆ ಹಲವು ಬಾರಿ ಹೆಸರು ಸೂಚಿತವಾದರೂ ಪ್ರಶಸ್ತಿ ಬರಲಿಲ್ಲ. ನಿದ್ರಾಹೀನತೆ ವೆರೊನಾಲ್ ಮಾತ್ರೆಗಳತ್ತ ಒಯ್ದಿತು. ಕೆಲಕಾಲ ಈಜಿಪ್ಟಿನಲ್ಲಿ ಬೇರೊಂದು ಮಂದಪ್ರಭೆಯನ್ನು ಗಮನಿಸುತ್ತಿದ್ದ ಬಿರ್ಕೆಲಾಂಡ್, ಮಹಾಯುದ್ಧದ ನಡುವೆ ಜಪಾನಿನ ದಾರಿಯಾಗಿ ತಾಯ್ನಾಡಿಗೆ ಮರಳಲು ಹೊರಟ. 1917ರ ಜೂನ್ 15ರಂದು ಟೋಕಿಯೊದ ಹೋಟೆಲ್ ಕೋಣೆಯಲ್ಲಿ, 49ನೆಯ ವಯಸ್ಸಿನಲ್ಲಿ, ಆತ ಶವವಾಗಿ ಪತ್ತೆಯಾದ.

1960ರ ದಶಕದಲ್ಲಿ ಉಪಗ್ರಹವೊಂದು ಧ್ರುವಪ್ರಭೆಯ ವಲಯದ ಮೇಲೆ ಹಾದುಹೋಗುವಾಗ ಕಾಂತೀಯ ಏರುಪೇರುಗಳನ್ನು ದಾಖಲಿಸಿತು. ಅವು ಬಿರ್ಕೆಲಾಂಡ್ ಹೇಳಿದ್ದ ಪ್ರವಾಹಗಳೇ ಆಗಿದ್ದವು. 1994ರಲ್ಲಿ ನಾರ್ವೆ ತನ್ನ 200 ಕ್ರೋನರ್ ನೋಟಿನ ಮೇಲೆ ಆತನ ಮುಖವನ್ನು ಮುದ್ರಿಸಿತು. ಆ ನೋಟು ಈಗ ಚಲಾವಣೆಯಲ್ಲಿಲ್ಲ.